ಕಾಲಿಗಿಳಿಯದ ಕಸೂತಿ
(ಐದು ತಾಲ್ಲೂಕುಗಳ ಟಿಪ್ಪಣಿಗಳು)

ಪ್ರಶ್ನೆ

ಕೆನಡಾದ ಕ್ರೀ ಸಮುದಾಯದಲ್ಲಿ ಪಾದರಕ್ಷೆ ಹೆಂಗಸರ ಕೈಕೆಲಸ. ಮೂಸ್ ಅನ್ನುವ ಭಾರಿ ಸಾರಂಗದ ತೊಗಲನ್ನು ಕೆರೆದು, ಅದಕ್ಕೆ ಮಿದುಳು ಸವರಿ ಮೆತ್ತಗೆ ಮಾಡಿ, ಹೊಗೆಗೆ ಹಿಡಿದು ಕಂದು ಬಣ್ಣ ಬರಿಸುತ್ತಾರೆ. ಹೊಗೆ ಕುಡಿದ ತೊಗಲು ಹಿಮದಲ್ಲಿ ನೆನೆದು ಒಣಗಿದರೂ ಸೆಟೆಯುವುದಿಲ್ಲ. ಅದನ್ನು ಹೊಲಿದರೆ ಮೊಕಾಸಿನ್. ಆಮೇಲೆ ಮುಳ್ಳುಹಂದಿಯ ಮುಳ್ಳುಗಳ ಸರದಿ. ಬಣ್ಣ ಕಟ್ಟಿದ ಮುಳ್ಳನ್ನು ಬಾಯಲ್ಲಿಟ್ಟು ನೆನೆಸಿ, ಹಲ್ಲಿನಲ್ಲಿ ಒತ್ತಿ ಚಪ್ಪಟೆ ಮಾಡಿ, ಪಾದದ ಮೇಲ್ಭಾಗದಲ್ಲಿ ಮಡಿಚಿ ಮಡಿಚಿ ಹೊಲಿದು ಹೂವು, ಪಟ್ಟಿ, ಕೋನಾಕೃತಿಗಳನ್ನು ಬಿಡಿಸುತ್ತಾರೆ. 1670ರಲ್ಲಿ ಹಡ್ಸನ್ಸ್ ಬೇ ಕಂಪನಿ ಹುಟ್ಟಿ, ತುಪ್ಪಳದ ವ್ಯಾಪಾರದ ಜತೆಗೆ ಯುರೋಪಿನ ಗಾಜಿನ ಮಣಿ ಬಂತು. ಮುಳ್ಳಿನ ಜಾಗವನ್ನು ಬಹುಮಟ್ಟಿಗೆ ಮಣಿಯೇ ಹಿಡಿಯಿತು. ಹಾಗಿದ್ದೂ ಮುಳ್ಳಿನ ಕೆಲಸ ಪೂರ್ತಿ ಅಳಿಯಲಿಲ್ಲ.

ಇದನ್ನೆಲ್ಲ ಓದಿಕೊಂಡು ನಮ್ಮ ಕಡೆ ತಿರುಗಿ ನೋಡಿದರೆ ತಲೆ ಕೆರೆದುಕೊಳ್ಳುವಂತಾಗುತ್ತದೆ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಇಲ್ಲಿ ತೊಗಲು ಹದ ಮಾಡುವವರಿದ್ದರು. ಸೂಜಿ ಹಿಡಿದರೆ ಕನ್ನಡಿಯನ್ನೇ ಬಟ್ಟೆಗೆ ಕಟ್ಟುವ ಲಂಬಾಣಿ ಹೆಂಗಸರಿದ್ದಾರೆ. ಗುಡ್ಡದಲ್ಲಿ ಮುಳ್ಳುಹಂದಿಯೂ ಇದೆ. ತೊಗಲು, ಸೂಜಿ, ಮುಳ್ಳು ಮೂರೂ ಇದ್ದ ನಾಡಿನಲ್ಲಿ ಸಿಂಗಾರದ ಕೆರ ಯಾಕೆ ಹುಟ್ಟಲಿಲ್ಲ?

ಕೂಡ್ಲಿಗಿ: ಮುಳ್ಳು

ಸುಲಭದ ಉತ್ತರ ಮೊದಲು. ನಮ್ಮ ಮುಳ್ಳುಹಂದಿ ಬೇರೆ, ಅವರದು ಬೇರೆ. ಉತ್ತರ ಅಮೆರಿಕದ್ದು ಮರ ಹತ್ತುವ ಪ್ರಾಣಿ. ಅದರ ಮೈಮೇಲೆ ಸುಮಾರು 30,000 ಮುಳ್ಳು, ಉದ್ದ ಹೆಚ್ಚೆಂದರೆ ಬೆರಳಿನಷ್ಟು. ತೆಳ್ಳಗಿನವನ್ನು ಹೆಕ್ಕಿ ನೆನೆಸಿದರೆ ಹೇಳಿದ ಹಾಗೆ ಬಾಗುತ್ತವೆ. ಗುಡೇಕೋಟೆಯ ಬಂಡೆಗಳ ಸಂದಿಯಲ್ಲಿ ಬಿಲ ತೋಡಿ, ರಾತ್ರಿ ಶೇಂಗಾ ಹೊಲಕ್ಕೆ ಇಳಿಯುವ ನಮ್ಮದು ನೆಲದ ಪ್ರಾಣಿ. ಅದರ ಬೆನ್ನಿನ ಮುಳ್ಳು ಗೇಣುದ್ದ, ದಪ್ಪ, ಕಪ್ಪು ಬಿಳಿ ಪಟ್ಟೆ. ಹಲ್ಲಿನಲ್ಲಿ ಒತ್ತಿದರೆ ಹಲ್ಲೇ ಹೋದೀತು. ಬಾಲದಲ್ಲಿ ಮಾತ್ರ ಪೊಳ್ಳು ಮುಳ್ಳುಗಳ ಒಂದು ಗೊಂಚಲು. ಸಿಟ್ಟು ಬಂದಾಗ ಅದನ್ನೇ ಅಲ್ಲಾಡಿಸಿ ಗಲಗಲ ಸದ್ದು ಮಾಡುತ್ತದೆ.

ಹಾಗಂತ ಈ ಮುಳ್ಳನ್ನು ನಮ್ಮವರು ಮುಟ್ಟಲೇ ಇಲ್ಲ ಎಂದಲ್ಲ. ಗೃಹ್ಯಸೂತ್ರಗಳು ಸೀಮಂತದ ವಿಧಿಯಲ್ಲಿ ಮೂರು ಬಿಳಿ ಮಚ್ಚೆಯ ಮುಳ್ಳುಹಂದಿ ಮುಳ್ಳನ್ನು ಹೇಳುತ್ತವೆ. ಗಂಡ ಅದರಿಂದ ಬಸುರಿ ಹೆಂಡತಿಯ ಬೈತಲೆ ತೆಗೆಯಬೇಕು. ಆಂಧ್ರದ ವಿಶಾಖಪಟ್ಟಣದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ದೊರೆಸಾನಿಯರಿಗಾಗಿ ಇದೇ ಮುಳ್ಳುಗಳನ್ನು ಜೋಡಿಸಿ ಪೆಟ್ಟಿಗೆ ಮಾಡುತ್ತಿದ್ದರು. ಅಂದರೆ ಮುಳ್ಳು ಹೆಣ್ಣಿನ ನೆತ್ತಿಗೆ ಹೋಯಿತು, ಮೇಜಿನ ಮೇಲಿನ ಪೆಟ್ಟಿಗೆಗೆ ಹೋಯಿತು. ಕಾಲಿನ ಕಡೆ ಬರಲಿಲ್ಲ.

ಇನ್ನು ಬರುವಂತೆಯೂ ಇಲ್ಲ, ಕಾಡುಪ್ರಾಣಿಯ ಮುಳ್ಳಿನ ವ್ಯಾಪಾರಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ನಿಂತಿದೆ. ಆದರೆ ಮುಳ್ಳು ಒಗ್ಗಲಿಲ್ಲ ಎಂಬುದು ಅರ್ಧ ಉತ್ತರ. ಮುಳ್ಳಿಲ್ಲದಿದ್ದರೆ ದಾರ, ಕವಡೆ, ಮಣಿ ಇದ್ದವಲ್ಲ.

ಕೂಡ್ಲಿಗಿ: ಹದ

ರಸ್ತೆ ಬದಿಯಲ್ಲಿ ಎಲ್ಲೆಲ್ಲೂ ತಂಗಡಿ ಗಿಡ, ಹಳದಿ ಹೂವು. ಈ ಗಿಡದ ತೊಗಟೆಯೇ ದಕ್ಷಿಣ ಭಾರತದ ಹಳೆಯ ಚರ್ಮೋದ್ಯಮದ ಬೆನ್ನೆಲುಬು. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಉದುರಿಸಿ, ಮಾಂಸ ಕೆರೆದು, ತಂಗಡಿಯೋ ಜಾಲಿಯೋ ಯಾವುದಾದರೂ ತೊಗಟೆಯ ಒಗರು ನೀರಲ್ಲಿ ದಿನಗಟ್ಟಲೆ ಬಿಡಬೇಕು. ತೊಗಟೆಯ ಒಗರು ತೊಗಲಿನೊಳಗಿಳಿದರೆ ಕೊಳೆಯುವ ಚರ್ಮ ಕೊಳೆಯದ ಚರ್ಮವಾಗುತ್ತದೆ. ಅಳಲೆಕಾಯಿಯ ನೀರು ಕೊನೆಯ ಮೆರುಗಿಗೆ.

ಕ್ರೀ ಹದ ಮೆತ್ತಗಿನ ತೊಗಲಿಗೆ, ನಮ್ಮ ಹದ ಗಟ್ಟಿ ತೊಗಲಿಗೆ. ಇದರಲ್ಲಿ ನೆಲದ ಲೆಕ್ಕಾಚಾರ ಇದೆ. ಅವರಿಗೆ ಪಾದದ ಮೇಲೆ ಬೀಳುವ ಚಳಿಯ ಚಿಂತೆ, ನಮಗೆ ಪಾದದ ಕೆಳಗಿನ ನೆಗ್ಗಿಲುಮುಳ್ಳು, ಜಾಲಿಮುಳ್ಳು, ಏಪ್ರಿಲ್ ತಿಂಗಳ ಕಾದ ಕಲ್ಲಿನ ಚಿಂತೆ. ಹಾಗಾಗಿ ಅವರು ಮೇಲುಹೊದಿಕೆಗೆ ಬುದ್ಧಿ ಸುರಿದರು, ನಾವು ಅಟ್ಟೆಗೆ. ಪಾದದ ಮೇಲೆ ನಮಗಿರುವುದು ಎರಡು ಬಾರು, ಒಂದು ಉಂಗುಟ. ಹೂವು ಬಿಡಿಸಲು ಜಾಗವೇ ಇಲ್ಲ.

ಹದಿನಾರನೇ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನ ರಾಜಧಾನಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಬರೆದಿಟ್ಟಿದ್ದಾನೆ. ಇಲ್ಲಿ ಬಹುತೇಕ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ, ಕೆಲವರ ಜೋಡು ಚೂಪು ಮೂತಿಯದು, ಇನ್ನು ಕೆಲವು ಬರೀ ಅಟ್ಟೆ, ಮೇಲೆ ಬಾರುಗಳಷ್ಟೇ, ಹಳೆಯ ರೋಮನ್ನರು ಮೆಟ್ಟುತ್ತಿದ್ದಂಥವು ಎಂಬುದು ಅವನ ಮಾತಿನ ಸಾರ. ಐನೂರು ವರ್ಷದ ಹಿಂದಿನ ಆ ಬಾರುಕೆರವನ್ನೇ ನಮ್ಮ ಅಜ್ಜಂದಿರೂ ಮೆಟ್ಟಿದರು.

ಹಾಗಾದರೆ ಬಿಸಿಲು, ಮುಳ್ಳು ಇವೇ ಕಾರಣ ಎಂದು ಪುಸ್ತಕ ಮುಚ್ಚಬಹುದಿತ್ತು. ಆದರೆ ರಾಜಸ್ಥಾನ ಅಡ್ಡ ಬರುತ್ತದೆ. ಅಲ್ಲಿಯೂ ಬಿಸಿಲು, ಅಲ್ಲಿಯೂ ಮುಳ್ಳು. ಅಲ್ಲಿಯ ಮೋಜಡಿ ಜೋಡಿನ ಮೇಲೆ ಮಾತ್ರ ದಾರದ ಹೂವು ಬೆರಳಿಡಲು ಜಾಗವಿಲ್ಲದಷ್ಟು.

ಹಗರಿಬೊಮ್ಮನಹಳ್ಳಿ: ಬಸ್ ಸ್ಟ್ಯಾಂಡಿನ ಪಕ್ಕ

ಛತ್ರಿಯ ಕೆಳಗೆ ಕೂತ ಹಿರಿಯರು. ಮುಂದೆ ಅಡಿಗಲ್ಲು, ರಂಪಿಗೆ, ಆರಿ, ಮೇಣ ಹಚ್ಚಿದ ದಾರ, ಪಾಲಿಷ್ ಡಬ್ಬಿ. ಮಾತಿಗೆ ಸಿಕ್ಕರು.

‘ಹೊಸಾವು ಮಾಡೋದು ಬಿಟ್ಟೀವ್ರಿ. ಬರೇ ರಿಪೇರಿ. ಉಂಗುಟ ಕಿತ್ತಿರ್ತೈತಿ, ಅಟ್ಟಿ ಬಿಟ್ಟಿರ್ತೈತಿ. ಈಗಿನವು ರಬ್ಬರು, ಹೊಲಿದ್ರ ದಾರಾನ ನಿಲ್ಲಂಗಿಲ್ಲ.’

‘ನಿಮ್ಮ ತಂದೇರು ಕೆರದ ಮ್ಯಾಲೆ ಹೂವು ಗೀವು ಬಿಡಿಸ್ತಿದ್ರಾ ಯಜಮಾನ್ರೆ?’

‘ಯಾರ ಕಾಲಿಗ್ರಿ? ಗೌಡ್ರ ಕಾಲಿಗಾದ್ರ ಗೊಂಡೆ ಕಟ್ತಿದ್ರು. ನಮ್ಮ ಕಾಲಿಗೆ ಕೆರಾನ ಇದ್ದಿಲ್ಲ.’

ಇಷ್ಟು ಹೇಳಿ ಅವರು ಮುಂದಿನ ಗಿರಾಕಿಯ ಚಪ್ಪಲಿ ಎತ್ತಿಕೊಂಡರು. ನಾನು ಅದನ್ನು ಬರೆದುಕೊಂಡು ಪಕ್ಕದಲ್ಲಿ ಗೆರೆ ಹಾಕಿಕೊಂಡೆ.

ಲೆಕ್ಕದ ಮಾತು: ಊರಿಗೆ ಹನ್ನೆರಡು ಆಯಗಾರರು ಎಂಬ ಹಳೆಯ ಏರ್ಪಾಡಿನಲ್ಲಿ ತೊಗಲಿನ ಕೆಲಸದವರು ರೈತನಿಗೆ ಕೊಡುತ್ತಿದ್ದದ್ದು ಕೆರ ಒಂದನ್ನೇ ಅಲ್ಲ. ಕಪಿಲೆಯ ಬಾನಿ, ಮಿಣಿ, ಬಾರುಕೋಲು, ನೊಗದ ಪಟ್ಟಿ, ಹಲಗೆಯ ಚರ್ಮ. ಪ್ರತಿಫಲ ಸುಗ್ಗಿಯಲ್ಲಿ ಕಣದ ಜೋಳ. ವರ್ಷಕ್ಕಿಷ್ಟು ಎಂದು ನಿಗದಿಯಾದ ಜೋಳಕ್ಕೆ ಕೆರ ಬಾಳಿಕೆ ಬಂದರೆ ಸಾಕು. ಒಂದು ಹೂವು ಹೆಚ್ಚು ಬಿಡಿಸಿದರೆ ಒಂದು ಸೇರು ಹೆಚ್ಚು ಅಳೆಯುವವರು ಯಾರು? ಪಂಪ್‌ಸೆಟ್ ಬಂದು ಬಾನಿ ಹೋಯಿತು, ನೈಲಾನ್ ಹಗ್ಗ ಬಂದು ಮಿಣಿ ಹೋಯಿತು, ಹವಾಯಿ ಚಪ್ಪಲಿ ಬಂದು ಕೆರ ಹೋಯಿತು.

ಅದೇ ಪುಟದ ಅಂಚಿನಲ್ಲಿ: ಕಣ್ಣಿಗಲ್ಲ, ಕಿವಿಗೆ

ಸಿಂಗಾರ ಇರಲೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಉತ್ತರ ಕರ್ನಾಟಕದ ಹಳೆಯ ಕೆರಗಳಲ್ಲಿ ಅಟ್ಟೆಯ ಪದರಗಳ ನಡುವೆ ಬೀಜ ಇಟ್ಟು ಹೊಲಿಯುವುದಿತ್ತು. ನಡೆದರೆ ಜೀರ್ ಜೀರ್ ಸದ್ದು. ಗೌಡರು ಇನ್ನೂ ಓಣಿಯ ಆ ಮೂಲೆಯಲ್ಲಿರುವಾಗಲೇ ಈ ಮೂಲೆಯ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಕುರುಬರು ಹೇಳುವ ಕಾರಣ ಬೇರೆ: ರಾತ್ರಿ ಹಟ್ಟಿಯ ಸುತ್ತ ಓಡಾಡುವಾಗ ಹಾವು ಹುಪ್ಪಟೆ ಸದ್ದಿಗೆ ಸರಿಯುತ್ತವಂತೆ. ಒಂದೇ ಸದ್ದು ಒಬ್ಬನಿಗೆ ದರ್ಪ, ಇನ್ನೊಬ್ಬನಿಗೆ ಕಾವಲು.

ಹಡಗಲಿ: ತಲೆಗೇರಿದವು

ಹಡಗಲಿ ಅಂದರೆ ಮಲ್ಲಿಗೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದು ಹೋಗುವುದು ಮುಡಿಗೆ, ಇಲ್ಲವೇ ದೇವರ ಮುಡಿಗೆ.

ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಕಾರಣಿಕ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಒಂದು ಮಾತು ಹೇಳಿ ಕೆಳಗೆ ಬೀಳುತ್ತಾನೆ. ಲಕ್ಷಾಂತರ ಜನ ಆ ಮಾತಿಗೆ ಮಳೆ, ಬೆಳೆ, ರಾಜಕೀಯ ಎಲ್ಲದರ ಅರ್ಥ ಹಚ್ಚುತ್ತಾರೆ. ನಾನು ನೋಡಿದ್ದು ಗೊರವರ ವೇಷ: ಕರಿ ಕಂಬಳಿ, ಕವಡೆ ಸರ, ಭಂಡಾರದ ಚೀಲ, ಕೈಯಲ್ಲಿ ಡಮರು, ತಲೆಯ ಮೇಲೆ ಕರಡಿ ಕೂದಲಿನ ಟೋಪಿ. ಕಾಡುಪ್ರಾಣಿಯ ತೊಗಲನ್ನು ಇಷ್ಟು ಗೌರವದಿಂದ ಮೈಮೇಲೆ ಇಟ್ಟುಕೊಳ್ಳುವ ಇನ್ನೊಂದು ವೇಷ ಈ ಸೀಮೆಯಲ್ಲಿಲ್ಲ. ಕರಡಿಯೂ ಇದೇ ಸೀಮೆಯದು. ದರೋಜಿ ಕರಡಿಧಾಮ 1994ರಲ್ಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯದು 2013ರಲ್ಲಿ ಆಯಿತು.

ಇಲ್ಲಿ ಒಂದು ಪಟ್ಟಿ ಮಾಡಿಕೊಂಡೆ. ಕರಡಿಯ ಕೂದಲು: ಗೊರವರ ತಲೆಗೆ. ಮುಳ್ಳುಹಂದಿಯ ಮುಳ್ಳು: ಬೈತಲೆಗೆ. ಮಲ್ಲಿಗೆ: ಮುಡಿಗೆ. ಈ ಸೀಮೆಯಲ್ಲಿ ಚೆಂದದ್ದೆಲ್ಲ ಮೇಲಕ್ಕೇ ಹತ್ತುತ್ತದೆ.

ಕೆರ ಕೂಡ ಹತ್ತಿದ್ದುಂಟು. ಕಲ್ಯಾಣದ ಶರಣ ಸಮಗಾರ ಹರಳಯ್ಯನ ಕಥೆ ಎಲ್ಲರಿಗೂ ಗೊತ್ತು. ತನ್ನ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದ. ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿದರು. ಅವು ತನ್ನ ಕಾಲಿಗೆ ಸಲ್ಲುವಂಥವಲ್ಲ ಎಂದು ಬಸವಣ್ಣ ತಲೆಯ ಮೇಲಿಟ್ಟುಕೊಂಡ ಎನ್ನುತ್ತದೆ ಪರಂಪರೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ ಕಲ್ಯಾಣವನ್ನೇ ಹೊತ್ತಿಸಿತು. ಕನ್ನಡದ ಅತಿ ದೊಡ್ಡ ಪಾದರಕ್ಷೆಯ ಕಥೆಯಲ್ಲಿ ಅದನ್ನು ಮೆಟ್ಟುವಂತೆಯೇ ಇಲ್ಲ.

ತಿರುಪತಿ ಬೆಟ್ಟದ ತಪ್ಪಲಿನ ಅಲಿಪಿರಿಯಲ್ಲಿ ಭಕ್ತರು ಸ್ವಾಮಿಯ ಪಾದುಕೆಗಳನ್ನು ತಲೆಯ ಮೇಲಿಟ್ಟು ಸುತ್ತು ಬರುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗೋಳಾ (ಬಿ) ಊರಿನಲ್ಲಿ ಲಕ್ಕಮ್ಮ ದೇವಿಗೆ ಹರಕೆ ಹೊತ್ತವರು ಗುಡಿಯ ಮುಂದಿನ ಬೇವಿನ ಮರಕ್ಕೆ ಚಪ್ಪಲಿ ಕಟ್ಟುತ್ತಾರೆ. ಮರದ ಮೇಲೂ ಎತ್ತರಕ್ಕೇ.

ಇದರ ಮಗ್ಗುಲಲ್ಲೇ ಇನ್ನೊಂದು ಚಿತ್ರವಿದೆ. ಮೇಲ್ಜಾತಿಯ ಓಣಿ ಬಂದ ಕೂಡಲೇ ದಲಿತರು ಕಾಲಿನ ಕೆರ ಬಿಚ್ಚಿ ಕೈಯಲ್ಲಿ ಹಿಡಿದೋ ತಲೆಯ ಮೇಲೆ ಇಟ್ಟುಕೊಂಡೋ ದಾಟಬೇಕಿತ್ತು. ಭಕ್ತಿಯಿಂದ ತಲೆಗೇರಿದ ಕೆರವನ್ನು ಪುರಾಣ ನೆನಪಿಟ್ಟಿತು. ಬಲವಂತದಿಂದ ತಲೆಗೇರಿದ ಕೆರವನ್ನು ಕಾಯ್ದೆ ನೆನಪಿಡಬೇಕಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಪರಿಶಿಷ್ಟರು ಪಾದರಕ್ಷೆ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು, ಸೈಕಲ್ ಏರುವುದನ್ನು ತಡೆದರೆ ಅಪರಾಧ ಎಂದು ಬಿಡಿಬಿಡಿಯಾಗಿ ಬರೆಯಲಾಗಿದೆ. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಇಪ್ಪತ್ತೊಂದನೇ ಶತಮಾನದಲ್ಲೂ ಹೀಗೊಂದು ಸಾಲು ಬರೆಯಬೇಕಾಯಿತು ಎಂಬುದರಲ್ಲೇ ನನ್ನ ಪ್ರಶ್ನೆಯ ದೊಡ್ಡ ಪಾಲಿನ ಉತ್ತರವಿದೆ. ಬಸ್ ಸ್ಟ್ಯಾಂಡಿನ ಹಿರಿಯರು ಅದನ್ನು ಕಾಯ್ದೆಯ ನೆರವಿಲ್ಲದೆ ಹೇಳಿದ್ದರು.

ಹರಪನಹಳ್ಳಿ: ತಾಂಡಾ

ಹರಪನಹಳ್ಳಿ ತಾನೂ ಅಲೆದ ತಾಲ್ಲೂಕೇ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಅದರ ಲಂಬಾಣಿ ತಾಂಡಾಗಳವರು ಅಲೆದದ್ದಂತೂ ಇನ್ನೂ ದೊಡ್ಡ ದಾರಿ. ರಾಜಸ್ಥಾನದ ಕಡೆಯಿಂದ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು, ಸೈನ್ಯಗಳಿಗೆ ದಿನಸಿ ಒದಗಿಸುತ್ತಾ ದಕ್ಷಿಣಕ್ಕೆ ಬಂದವರು. ರೈಲು ಬಂದು ಹೇರೆತ್ತಿನ ಕಾಲ ಮುಗಿದ ಮೇಲೆ ಇಲ್ಲೇ ನಿಂತರು.

ಒಬ್ಬ ಅಜ್ಜಿಯ ಹಳೆಯ ಫೇಟಿಯಾ, ಕಾಂಚಳಿ ನೋಡಿದೆ. ಕನ್ನಡಿ, ಕವಡೆ, ನಾಣ್ಯ, ಉಣ್ಣೆಯ ಗೊಂಡೆ. ಎಲ್ಲೂ ಖಾಲಿ ಬಟ್ಟೆ ಕಾಣದಷ್ಟು ಹೊಲಿಗೆ. ಬಳ್ಳಾರಿ ಸೀಮೆಯ ಈ ಕೆಲಸದಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಿದ್ದಾರೆ. ಸಂಡೂರಿನ ಕುಶಲ ಕಲಾ ಕೇಂದ್ರ 1980ರ ದಶಕದಿಂದ ಇದಕ್ಕೆ ಮಾರುಕಟ್ಟೆ ಹುಡುಕುತ್ತಾ ಬಂತು. ‘ಸಂಡೂರು ಲಂಬಾಣಿ ಕಸೂತಿ’ಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

‘ಯಾಡಿ, ಇಷ್ಟು ಕೆಲಸ ಬರ್ತೈತಿ, ಕಾಲಿನ ಜೋಡಿಗೆ ಯಾಕ ಹಾಕಲಿಲ್ಲ?’

ಅಜ್ಜಿ ನಕ್ಕರು. ‘ಎತ್ತಿಗೆ ಹಾಕೀವಿ. ಕೊಂಬಿಗೆ, ಹಣಿಗೆ, ಬೆನ್ನಿಗೆ. ಹಗಲೆಲ್ಲ ನಡಿಯೋದು ಅದು ತಾನೆ?’

ಇದನ್ನು ನಾನು ಯೋಚಿಸಿರಲಿಲ್ಲ. ಹಿಮದಲ್ಲಿ ಗಾವುದ ನಡೆಯುವ ಬೇಟೆಗಾರನ ಕಾಲಿಗೆ ಕ್ರೀ ಹೆಂಗಸು ಹೂವು ಕಟ್ಟಿದಳು. ದಖ್ಖನಿನ ದಾರಿಯಲ್ಲಿ ಹೇರು ಹೊತ್ತು ನಡೆದ ಎತ್ತಿಗೆ ಲಂಬಾಣಿ ಹೆಂಗಸು ಹೂವು ಕಟ್ಟಿದಳು. ಮುಂದಾಳು ಎತ್ತಿನ ಕವಡೆ ಜೂಲು ಹಳೆಯ ಲಂಬಾಣಿ ಕೆಲಸದಲ್ಲೇ ಅತ್ಯಂತ ಸಿರಿವಂತ ವಸ್ತು. ದಾರಿಗೆ ಯಾರು ಬೇಕೋ ಅವರಿಗೆ ಅಲಂಕಾರ.

ಆದರೂ ಗೊಂದಲ ಬಿಡಲಿಲ್ಲ. ಇವರು ಹೊರಟು ಬಂದ ನಾಡಿನಲ್ಲೇ ಮೋಜಡಿ ಇತ್ತಲ್ಲ? ಅದರ ಗುಟ್ಟು ಮನೆಯೊಳಗಿದೆ. ಮೋಜಡಿ ಮಾಡುವ ರಾಜಸ್ಥಾನದ ಕುಟುಂಬಗಳಲ್ಲಿ ಗಂಡಸರು ತೊಗಲು ಕತ್ತರಿಸಿ ಹೊಲಿಯುತ್ತಾರೆ, ಅದೇ ಮನೆಯ ಹೆಂಗಸರು ಮೇಲುಹೊದಿಕೆಗೆ ಕಸೂತಿ ಹಾಕುತ್ತಾರೆ. ಕ್ರೀ ಮನೆಯಲ್ಲಿ ಹದವೂ ಹೊಲಿಗೆಯೂ ಮುಳ್ಳೂ ಒಬ್ಬಳದೇ ಕೈ. ತೊಗಲೂ ಸೂಜಿಯೂ ಒಂದೇ ಸೂರಿನ ಕೆಳಗೆ ಇದ್ದಲ್ಲಿ ಸಿಂಗಾರದ ಪಾದರಕ್ಷೆ ಹುಟ್ಟಿದೆ. ನಮ್ಮಲ್ಲಿ ತೊಗಲು ಊರ ಹೊರಗಿನ ಕೇರಿಯಲ್ಲಿ, ಸೂಜಿ ಊರಾಚೆಯ ತಾಂಡಾದಲ್ಲಿ. ಇಬ್ಬರೂ ಊರಿನ ಹೊರಗಿನವರೇ, ಆದರೆ ಬೇರೆ ಬೇರೆ ದಿಕ್ಕಿನ ಹೊರಗು. ತಾಂಡಾದ ಹೆಂಗಸು ಕಾಂಚಳಿ ಹೊಲಿದದ್ದು ತನಗೆ, ತನ್ನ ಮಗಳಿಗೆ. ಕೇರಿಯವರು ಕೆರ ಹೊಲಿದದ್ದು ಗೌಡರಿಗೆ.

ಕೊಟ್ಟೂರು: ಆರಿ

ತೇರುಬೀದಿಯ ಸುತ್ತ ಬ್ಲೌಸ್ ಹೊಲಿಯುವ ಅಂಗಡಿಗಳು. ಬೋರ್ಡಿನ ಮೇಲೆ ‘ಇಲ್ಲಿ ಆರಿ ವರ್ಕ್ ಮಾಡಿಕೊಡಲಾಗುವುದು’. ಮದುಮಗಳ ಕುಪ್ಪಸದ ತೋಳಿಗೆ, ಬೆನ್ನಿಗೆ ಮಣಿ, ಜರಿ, ನವಿಲು, ಪಲ್ಲಕ್ಕಿ. ಬೆಲೆ ಸೀರೆಗಿಂತ ಹೆಚ್ಚು. ಮರದ ಚೌಕಟ್ಟಿಗೆ ರೇಷ್ಮೆ ಬಿಗಿದು, ಕೊಕ್ಕೆ ಮೊನೆಯ ಉದ್ದ ಸೂಜಿಯನ್ನು ಮೇಲಿಂದ ಚುಚ್ಚಿ, ಕೆಳಗಿನ ದಾರವನ್ನು ಕುಣಿಕೆ ಮಾಡಿ ಮೇಲಕ್ಕೆಳೆಯುವ ಕೆಲಸ. ಚುಚ್ಚು, ಎಳೆ, ಚುಚ್ಚು, ಎಳೆ.

ಈ ಕೈಚಲನೆಯನ್ನು ನಾನು ಹಗರಿಬೊಮ್ಮನಹಳ್ಳಿಯ ಛತ್ರಿಯ ಕೆಳಗೆ ನೋಡಿದ್ದೆ. ಕಿತ್ತುಹೋದ ಅಟ್ಟೆಗೆ ದಪ್ಪ ಆರಿ ಚುಚ್ಚಿ, ಕೊಕ್ಕೆಗೆ ದಾರ ಸಿಕ್ಕಿಸಿ ಎಳೆಯುತ್ತಿದ್ದರು. ಅದೇ ಉಪಕರಣ, ಅದೇ ಕುಣಿಕೆ. ಇದು ಕಾಕತಾಳೀಯವೂ ಅಲ್ಲ. ಗುಜರಾತಿನ ಕಛ್‌ನಲ್ಲಿ ಮೋಚಿ ಸಮುದಾಯದವರು, ಅಂದರೆ ಚಪ್ಪಲಿ ಹೊಲಿಯುವವರು, ತಮ್ಮ ಆರಿಯನ್ನು ತೊಗಲಿನಿಂದ ರೇಷ್ಮೆಗೆ ತಂದರು. ಭುಜ್‌ನ ಅರಮನೆ ಅವರ ಗಿರಾಕಿ. ‘ಮೋಚಿ ಭರತ್’ ಎಂದೇ ಆ ಕಸೂತಿಗೆ ಹೆಸರಿದೆ.

ಅಂಗಡಿಯ ಹುಡುಗಿ ಯೂಟ್ಯೂಬ್ ನೋಡಿ ಕಲಿತವಳು, ಕೈ ಚುರುಕು. ‘ಈ ಸೂಜಿ ಮೊದಲು ಯಾರ ಕೈಯಾಗಿತ್ತು ಗೊತ್ತೇನಮ್ಮಾ?’ ಎಂದೆ. ‘ಚೆನ್ನೈ ಕಡೀದಿರಬೇಕ್ರಿ’ ಅಂದಳು. ಸಮಗಾರರ ಆರಿಯಿಂದಲೇ ಬಂದದ್ದಂತೆ ಎಂದು ಹೇಳಿದೆ. ಒಂದು ಗಳಿಗೆ ಸೂಜಿ ನೋಡಿದಳು. ‘ಹೌದ್ರಿ? ಇರಲಿ ಬಿಡ್ರಿ, ಕೆಲಸ ಚಲೋ ಬರ್ತೈತಿ’ ಎಂದು ಮತ್ತೆ ಚುಚ್ಚತೊಡಗಿದಳು. ಅವಳ ಉತ್ತರ ನನಗೆ ಇಷ್ಟವಾಯಿತು. ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬರು ಮಾತ್ರ ಮುಖ ಸಿಂಡರಿಸಿ, ‘ಅದನ್ನೆಲ್ಲ ಯಾಕ್ ಹೇಳ್ತೀರಿ’ ಎಂದರು.

ತಲೆಗೇರಿದವುಗಳ ಪಟ್ಟಿಗೆ ಇನ್ನೊಂದು ಸೇರಿತು. ಕೆರ ಹೊಲಿಯುವ ಉಪಕರಣವೂ ಮದುಮಗಳ ಭುಜಕ್ಕೆ ಹತ್ತಿದೆ, ಬರುವ ದಾರಿಯಲ್ಲಿ ತನ್ನ ಊರಿನ ಹೆಸರು ಉದುರಿಸಿಕೊಂಡು.

ಇದೇ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಹೊರಡುವುದು ದಲಿತ ಮಹಿಳೆ ಆರತಿ ಬೆಳಗಿದ ಮೇಲೆಯೇ. ದಾವಣಗೆರೆಯಿಂದಲೂ ಸುತ್ತಲಿನ ಊರುಗಳಿಂದಲೂ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ಹರಕೆ ಹೊತ್ತವರು ಬರಿಗಾಲಲ್ಲಿ ನಡೆಯುತ್ತಾರೆ. ದೇವರ ಮುಂದೆ ಎಲ್ಲರ ಕಾಲೂ ಬರಿದು ಎಂಬುದು ನಿಜ. ಬರಿಗಾಲನ್ನು ಹರಕೆಯಾಗಿ ಆರಿಸಿಕೊಳ್ಳುವುದು, ಬರಿಗಾಲೊಂದೇ ಗತಿಯಾಗಿದ್ದದ್ದು, ಇವೆರಡರ ನಡುವಿನ ದೂರ ದಾವಣಗೆರೆ-ಕೊಟ್ಟೂರಿನ ದಾರಿಗಿಂತ ಉದ್ದ.

ಅಥಣಿಯ ತೊಡಕು

ನನ್ನ ಸಿದ್ಧಾಂತಕ್ಕೆ ಒಂದು ಕಲ್ಲು ಅಡ್ಡ ಬಂದಿದೆ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ. ಮಾಡುವವರು ಅಲ್ಲೂ ಅದೇ ಸಮುದಾಯಗಳು, ಅವಮಾನವೂ ಅದೇ. ಹಾಗಿದ್ದೂ ತೊಗಲನ್ನು ಎಳೆಎಳೆಯಾಗಿ ಸೀಳಿ ಜಡೆ ಹೆಣೆಯುತ್ತಾರೆ, ಗೊಂಡೆ ಕಟ್ಟುತ್ತಾರೆ, ಬಾರಿಗೆ ಜರಿ ಸುತ್ತುತ್ತಾರೆ. ಯಾಕೆಂದರೆ ಅಲ್ಲಿ ಕೊಳ್ಳುವವರಿದ್ದರು: ಕೊಲ್ಲಾಪುರದ ಅರಮನೆ, ಆಮೇಲೆ ಮುಂಬೈ, ಆಮೇಲೆ ಹೊರದೇಶ. ಕಣದ ಜೋಳದ ಬದಲು ರೊಕ್ಕ ಕೊಡುವ ಗಿರಾಕಿ ಬಂದರೆ ಕೈ ತಾನಾಗಿ ಹೂವಿನ ಕಡೆ ತಿರುಗುತ್ತದೆ.

2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರೊಳಗೆ ಬಂದವು. ನಮ್ಮವು ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಬಗೆಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿ, ಗದ್ದಲವಾಗಿ, ಕೊನೆಗೆ ಭಾರತದ ಕೈಕೆಲಸದಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು.

ತುಂಗಭದ್ರೆಯ ಈಚೆ ದಡದ ಐದು ತಾಲ್ಲೂಕುಗಳು ಆ ನಕ್ಷೆಯಲ್ಲಿಲ್ಲ. ಕಸೂತಿಯ ನಕ್ಷೆ ಸಂಡೂರಿನ ಹೆಸರಿನಲ್ಲಿ, ಚಪ್ಪಲಿಯ ನಕ್ಷೆ ಕೊಲ್ಲಾಪುರದ ಹೆಸರಿನಲ್ಲಿ. ಎರಡರ ನಡುವೆ ನಾವು.

ಮೆಟ್ಟದ ಜೋಡುಗಳು

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿಟ್ಟು ಕಟ್ಟಿದ ಸ್ಮಾರಕವಿದೆ. ಗಾಂಧಿ ಚಪ್ಪಲಿ ಹೊಲಿಯುವುದನ್ನು ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಕಲಿತವರು. ತಾವು ಜೈಲಿನಲ್ಲಿ ಹೊಲಿದ ಒಂದು ಜೊತೆಯನ್ನು, ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ 1914ರಲ್ಲಿ ಕಾಣಿಕೆ ಕೊಟ್ಟರು. ಸ್ಮಟ್ಸ್ ಅದನ್ನು 1939ರಲ್ಲಿ ಗಾಂಧಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಮರಳಿಸಿದರು. ಮೇಲ್ಜಾತಿಯ ಬ್ಯಾರಿಸ್ಟರ್ ಚಪ್ಪಲಿ ಹೊಲಿದರೆ ಚರಿತ್ರೆ, ಕೇರಿಯವರು ಹೊಲಿದರೆ ಕುಲಕಸುಬು. ಗಾಂಧಿಗೂ ಈ ವ್ಯತ್ಯಾಸ ಗೊತ್ತಿದ್ದಿರಬೇಕು. ಗೊತ್ತಿದ್ದೇ ಆರಿ ಹಿಡಿದರು ಎಂದು ನನ್ನ ಊಹೆ.

ಕೆನಡಾದಿಂದ ಇನ್ನೊಂದು ಸಂಗತಿ. ಕಾಣೆಯಾದ, ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳ ನೆನಪಿಗೆ ಮೆಟಿಸ್ ಕಲಾವಿದೆ ಕ್ರಿಸ್ಟಿ ಬೆಲ್ಕೋರ್ಟ್ 2012ರಲ್ಲಿ ಒಂದು ಕರೆ ಕೊಟ್ಟರು: ಮೊಕಾಸಿನ್‌ನ ಮೇಲುಹೊದಿಕೆಗಳನ್ನಷ್ಟೇ ಸಿಂಗರಿಸಿ ಕಳಿಸಿ. 1,700ಕ್ಕೂ ಹೆಚ್ಚು ಜೊತೆ ಬಂದವು. ಅಟ್ಟೆಗೆ ಸೇರಿಸದೆ ಹಾಗೇ ನೆಲದ ಮೇಲೆ ಸಾಲಾಗಿಟ್ಟರು. ಅಪೂರ್ಣ ಬದುಕಿಗೆ ಅಪೂರ್ಣ ಪಾದರಕ್ಷೆ. ನೋಡಲು ಬಂದವರು ತಮ್ಮ ಬೂಟು ಬಿಚ್ಚಿ ಒಳಗೆ ನಡೆದರು.

ಅಲ್ಲಿ 1,700 ಜೊತೆ, ಹಂಪಿಯಲ್ಲಿ 1,755 ತುಣುಕು. ಒಂದು ದುಃಖಕ್ಕೆ, ಇನ್ನೊಂದು ದಾಖಲೆಗೆ. ಎರಡೂ ಹೆಂಗಸರ ಸೂಜಿಯಿಂದಲೇ ಬಂದವು.

ಮದುವೆಮನೆ

ಸಿಂಗಾರದ ಪಾದರಕ್ಷೆ ಈಗ ಕೊನೆಗೂ ಬಂದಿದೆ, ಮಾಡಿದವರು ಯಾರೋ. ಉತ್ತರ ಭಾರತದಿಂದ ಬರುವ ಜರಿ ಮೋಜಡಿ ಕೊಟ್ಟೂರಿನ ಅಂಗಡಿಯಲ್ಲಿ ಮದುಮಗನಿಗೆಂದೇ ತೂಗುತ್ತದೆ. ಅದನ್ನು ಮೆಟ್ಟಿ ಕಲ್ಯಾಣ ಮಂಟಪದ ಬಾಗಿಲವರೆಗೆ ಬಂದವನು ವೇದಿಕೆ ಹತ್ತುವಾಗ ಬಿಚ್ಚುತ್ತಾನೆ. ನಾದಿನಿಯರು ಎತ್ತಿ ಬಚ್ಚಿಟ್ಟು ರೊಕ್ಕ ಕೇಳುತ್ತಾರೆ. ನಮ್ಮ ಹಳೆಯ ಶಾಸ್ತ್ರಗಳಲ್ಲಿ ಇಲ್ಲದ ಈ ಆಟ 1994ರ ‘ಹಮ್ ಆಪ್ಕೆ ಹೈ ಕೌನ್’ ಬಂದ ಮೇಲೆ ಮನೆಮನೆಗೂ ಹಬ್ಬಿತು. ಮುಟ್ಟಿದರೆ ಕೈ ತೊಳೆಯಬೇಕಿದ್ದ ವಸ್ತುವನ್ನು ಮದುವೆಮನೆಯ ಹುಡುಗಿಯರು ರೇಷ್ಮೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡುತ್ತಿದ್ದರೆ, ಮೂಲೆಯಲ್ಲಿ ಕೂತ ಅಜ್ಜಿಯರು ಏನೂ ಅನ್ನುವುದಿಲ್ಲ. ಶತಮಾನಗಳ ಮಡಿಯನ್ನು ಒಂದು ಹಿಂದಿ ಸಿನಿಮಾ ಇಷ್ಟು ಹಗುರಾಗಿ ಸಡಿಲಿಸಿದ್ದು ಹೇಗೆ ಎಂಬುದು ಈ ಟಿಪ್ಪಣಿಗಳಲ್ಲಿ ಬಗೆಹರಿಯದ ಪ್ರಶ್ನೆಗಳಲ್ಲಿ ಒಂದು.

ಸದ್ಯಕ್ಕೆ ನಿಂತಿರುವ ಉತ್ತರ

ಬಿಸಿಲು ಕಾರಣ ಎಂದರೆ ರಾಜಸ್ಥಾನ ಒಪ್ಪುವುದಿಲ್ಲ. ಮುಳ್ಳು ಒಗ್ಗಲಿಲ್ಲ ಎಂದರೆ ಕವಡೆ, ಕನ್ನಡಿ ಒಪ್ಪುವುದಿಲ್ಲ. ಜಾತಿಯ ಅವಮಾನವೊಂದೇ ಎಂದರೆ ಅಥಣಿ ಒಪ್ಪುವುದಿಲ್ಲ. ಮೂರನ್ನೂ ಜರಡಿ ಹಿಡಿದ ಮೇಲೆ ಉಳಿದದ್ದು ಇದು: ಕೈಕೆಲಸ ಸಿಂಗಾರವಾಗಬೇಕಾದರೆ ಮಾಡುವವರು ಅದನ್ನು ತಮ್ಮ ಮೈಮೇಲೆ ತೊಡುವಂತಿರಬೇಕು, ಇಲ್ಲವೇ ಅದಕ್ಕೆ ಸರಿಯಾದ ಬೆಲೆ ಕೊಡುವವರು ಎದುರಿಗಿರಬೇಕು. ಕ್ರೀ ಹೆಂಗಸಿಗೂ ಲಂಬಾಣಿ ಹೆಂಗಸಿಗೂ ಮೊದಲನೆಯದು ಇತ್ತು. ಅಥಣಿಯವರಿಗೆ ಎರಡನೆಯದು ಸಿಕ್ಕಿತು. ಈ ಐದು ತಾಲ್ಲೂಕಿನ ಕೇರಿಗೆ ಎರಡೂ ಇರಲಿಲ್ಲ.

ಇವತ್ತು ಲೆಕ್ಕ ಬದಲಾಗಬಹುದು. ಚರ್ಮದ ಕುಶಲಕರ್ಮಿಗಳಿಗಾಗಿ ಸರ್ಕಾರದ ಲಿಡ್ಕರ್ ನಿಗಮ 1976ರಿಂದ ಇದೆ. ತಾಂಡಾದ ಕಸೂತಿ ತುಣುಕು ಈಗಾಗಲೇ ಚೀಲಕ್ಕೆ, ದಿಂಬಿನ ಕವರಿಗೆ, ಜಾಕೀಟಿಗೆ ಹೋಗುತ್ತಿದೆ. ಅದನ್ನು ಬಾರಿನ ಅಗಲಕ್ಕೆ ಕತ್ತರಿಸಿ ತೊಗಲಿಗೆ ಕೂಡಿಸಲು ಬೇಕಾಗುವುದು ಒಂದು ಆರಿ, ಒಂದು ಸಂಜೆ. ತಾಂತ್ರಿಕವಾಗಿ ಯಾವ ಕಷ್ಟವೂ ಇಲ್ಲ. ಬೇಕಿರುವುದು ತಾಂಡಾದ ಹೆಂಗಸೂ ಕೇರಿಯ ಗಂಡಸೂ ಒಂದೇ ಜಗುಲಿಯ ಮೇಲೆ ಕೂತು, ಚಹಾ ಕುಡಿಯುತ್ತಾ, ಜೋಡಿಗೆ ಇಷ್ಟು ಎಂದು ದರ ಮಾತಾಡುವುದು. ಆ ಜಗುಲಿ ಯಾರ ಮನೆಯದಾಗಬಹುದು ಎಂದು ಐದೂ ತಾಲ್ಲೂಕುಗಳಲ್ಲಿ ಕೇಳಬೇಕಿದೆ.